ಬಿತ್ತನೆ ವಾಡೆಯೊಳಗಿನ ಮೂರು ಫ್ಲಾಪಿ

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ನಮ್ಮ ಪಾಂಡವಪುರದಲ್ಲಿ ಈಗ ಒಂದು ಫ್ಲಾಪಿಗೆ ಇಪ್ಪತ್ತೆರಡು ರೂಪಾಯಿ. ಭಾನುವಾರದ ಅರ್ಧ ದರದಲ್ಲಿ ಮೈಸೂರಿಗೆ ಎಸ್‌ಟಿಡಿ ಹಚ್ಚಿ, ಅಲ್ಲಿಂದ ಇಂಟರ್ನೆಟ್ ಹಿಡಿದು, ನಮ್ಮ ಬಳಗದ ವೆಬ್‌ಸೈಟಿನಲ್ಲಿರುವ ರಕ್ತದಾನಿಗಳ ಪಟ್ಟಿಯನ್ನೂ ಅವರ ಗುರುತಿನ ಕಾರ್ಡುಗಳ ಚಿತ್ರಗಳನ್ನೂ ಇಳಿಸಿಕೊಳ್ಳಲು ಅರ್ಧ ಗಂಟೆ ಬೇಕು. ಫೋನಿಗೆ ಐವತ್ತೆರಡು ರೂಪಾಯಿ. ಅದನ್ನು ತುಂಬಿಡಲು ಮೂರು ಫ್ಲಾಪಿ ಬೇಕು. ಒಂದು ಫ್ಲಾಪಿಯನ್ನು ಮೂರು ಸಲ ಬಳಸಬಹುದೆಂದು ಹಿಡಿದರೆ ವಾರಕ್ಕೆ ಇಪ್ಪತ್ತೆರಡು. ಒಟ್ಟು ಎಪ್ಪತ್ತನಾಲ್ಕು. ಚಿತ್ರಗಳನ್ನು ಬಿಟ್ಟು ಬರೀ ಹೆಸರಿನ ಪಟ್ಟಿ ಇಳಿಸಿಕೊಂಡರೆ ಐದು ನಿಮಿಷ, ಒಂದೇ ಫ್ಲಾಪಿ, ಹತ್ತೊಂಬತ್ತು ರೂಪಾಯಿಗೆ ಕೆಲಸ ಮುಗಿಯುತ್ತದೆ. ವಾರಕ್ಕೆ ಐವತ್ತೈದು ಉಳಿತಾಯ. ಈ ವರ್ಷದ ಸಂಕ್ರಾಂತಿಯಿಂದ ಏಪ್ರಿಲ್ ನಡುವಿನವರೆಗೆ ಹದಿಮೂರು ಭಾನುವಾರ ನಾನು ಹೀಗೆ ಉಳಿಸಿದೆ. ಏಳುನೂರ ಹದಿನೈದು ರೂಪಾಯಿ ಆಯಿತು. ಆ ಹಣದ ಮಾತು ಕೊನೆಗೆ ಬರುತ್ತದೆ.

ಶ್ರೀಮತಿ ಜಯಲಕ್ಷ್ಮಮ್ಮನವರು ಈ ನವೆಂಬರ್ ಮೂವತ್ತರಂದು ಸರ್ಕಾರಿ ಆಸ್ಪತ್ರೆಯ ಪ್ರಯೋಗಾಲಯದ ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ. ರಕ್ತ ಪರೀಕ್ಷೆ ಮಾಡುವವರು ನಮ್ಮ ಜಿಲ್ಲೆಯಲ್ಲಿ ಅನೇಕರಿದ್ದಾರೆ, ಅವರೆಲ್ಲರೂ ಗೌರವಕ್ಕೆ ಅರ್ಹರೇ. ಆದರೆ ಪರೀಕ್ಷೆ ಮಾಡಿದ ರಕ್ತ ಯಾರದು, ಅವರು ಯಾವ ಊರಿನ ಯಾವ ಬೀದಿಯಲ್ಲಿದ್ದಾರೆ, ಬೇಕಾದಾಗ ಅವರನ್ನು ಕರೆಯುವುದು ಹೇಗೆ ಎಂಬುದನ್ನು ಮೂವತ್ತನಾಲ್ಕು ವರ್ಷ ಬರೆದಿಟ್ಟುಕೊಂಡು ಬಂದವರು ನನಗೆ ತಿಳಿದಂತೆ ಇವರೊಬ್ಬರೇ. ಆಸ್ಪತ್ರೆಯ ವೈದ್ಯರಿಂದ ಹಿಡಿದು ಸಂತೆಯ ವ್ಯಾಪಾರಿಗಳವರೆಗೆ ಎಲ್ಲರೂ ಅವರನ್ನು ಜಯಕ್ಕ ಎಂದೇ ಕರೆಯುತ್ತಾರೆ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ, ಈ ಬೀಳ್ಕೊಡುಗೆ ಸಂಚಿಕೆಯ ಸಂಪಾದಕರು ಕ್ಷಮಿಸಬೇಕು.

ಜಯಕ್ಕನವರ ತವರು ಕೆ.ಆರ್.ಪೇಟೆಯ ಪಕ್ಕದ ಹೊಸಹೊಳಲು. ಬೇಸಾಯದ ಮನೆ. ಸಾವಿರದ ಒಂಬೈನೂರ ಅರವತ್ತೈದರಲ್ಲಿ ನಾಗಮಂಗಲದ ಆಸ್ಪತ್ರೆಗೆ ಕೆಲಸಕ್ಕೆ ಸೇರಿದಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಅಲ್ಲಿ ಮೊದಲ ವರ್ಷ ನಡೆದ ಒಂದು ಸಂಗತಿಯನ್ನು ಅವರೇ ನನಗೆ ಹೇಳಿದ್ದಾರೆ. ಒಬ್ಬ ರೋಗಿಗೆ ಅಪರೂಪದ ಗುಂಪಿನ ರಕ್ತ ಬೇಕಾಗಿ ಮೂರು ದಿನ ಊರೂರು ಅಲೆದರಂತೆ. ನಾಲ್ಕನೆಯ ದಿನ ತಿಳಿಯಿತು, ಎದುರು ಬೆಂಚಿನಲ್ಲಿ ಕೂತು ದಿನವೂ ತನ್ನ ಎಮ್ಮೆಯ ಸುದ್ದಿ ಹೇಳುತ್ತಿದ್ದ ಮನುಷ್ಯನದೇ ಆ ಗುಂಪು. ಅಂದು ಸಂತೆಯಲ್ಲಿ ಆರಾಣೆಯ ಒಂದು ನೋಟ್‌ಬುಕ್ ಕೊಂಡು, ಮೊದಲ ಪುಟದಲ್ಲಿ ಆ ಎಮ್ಮೆಯವನ ಹೆಸರು ಬರೆದರು. ಹೆಸರಿನ ಮುಂದೆ ರಕ್ತದ ಗುಂಪು, ಅದರ ಕೆಳಗೆ ಗುರುತು. ಆ ಗುರುತು ಎಂಬುದೇ ಅವರ ಕೆಲಸದ ತಿರುಳು. ನಮ್ಮ ಕಡೆ ಒಂದು ಊರಿನಲ್ಲಿ ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ. ತಾತನ ಹೆಸರು ಮೊಮ್ಮಕ್ಕಳಿಗೆಲ್ಲ ಬರುತ್ತದೆ, ದೇವರ ಹೆಸರು ಊರಿಗೆಲ್ಲ ಬರುತ್ತದೆ. ಆದ್ದರಿಂದ 'ಬಾವಿಯ ಎಡಕ್ಕೆ ಮೂರನೆಯ ಮನೆ', 'ಮಾತು ಸ್ವಲ್ಪ ತೊದಲು', 'ಬುಧವಾರ ಸಂತೆಯಲ್ಲಿ ಹಗ್ಗ ಮಾರುತ್ತಾರೆ' ಎಂದೆಲ್ಲ ಅವರು ಬರೆದಿಟ್ಟರು.

ಎಪ್ಪತ್ತಮೂರರಲ್ಲಿ ಕೆ.ಆರ್.ಪೇಟೆಗೆ ವರ್ಗವಾಯಿತು. ಅಲ್ಲಿದ್ದ ಒಂಬತ್ತು ವರ್ಷಗಳಲ್ಲಿ ಎರಡು ನೋಟ್‌ಬುಕ್ ತುಂಬಿದವು. ಮಕ್ಕಳ ಬೆರಳು ಚುಚ್ಚುವ ಮೊದಲು ತಮ್ಮ ಅಂಗೈಯಲ್ಲಿ ಅದನ್ನು ಹಿಡಿದು ಬೆಚ್ಚಗೆ ಮಾಡುವುದು, ರಕ್ತ ಕೊಟ್ಟು ತಲೆ ಸುತ್ತಿದವರಿಗೆ ಸೆರಗಿನ ಗಂಟಿನಿಂದ ಬೆಲ್ಲದ ಚೂರು ತೆಗೆದುಕೊಡುವುದು ಅಲ್ಲಿಯೇ ಶುರುವಾದ ಪದ್ಧತಿಗಳು. ಎಂಬತ್ತೆರಡರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದರು. ಮೈಸೂರು ಹತ್ತಿರವಾದ್ದರಿಂದ ಅಲ್ಲಿ ಬೇರೆಯ ಜನರ ಕಾಟವಿತ್ತು. ರಕ್ತವನ್ನು ಬೆಲೆಗೆ ಮಾರಿಸುವ ದಳ್ಳಾಳಿಯೊಬ್ಬ ಈ ನೋಟ್‌ಬುಕ್ಕುಗಳ ವಿಷಯ ಕೇಳಿ ಬಂದು, ಒಂದು ದಿನದ ಮಟ್ಟಿಗೆ ಕೊಟ್ಟರೆ ಐನೂರು ರೂಪಾಯಿ ಎಂದನಂತೆ. ಆಗ ಅವರ ಸಂಬಳವೇ ಒಂಬೈನೂರು. ಜಯಕ್ಕ ಅವನನ್ನು ಕೂರಿಸಿ, ಬೆರಳು ಚುಚ್ಚಿ, ಗುಂಪು ನೋಡಿ, ಅವನ ಹೆಸರನ್ನೂ ನೋಟ್‌ಬುಕ್ಕಿಗೆ ಬರೆದುಕೊಂಡು ಕಳುಹಿಸಿದರು. ಅಂದಿನಿಂದ ಗುರುತಿನ ಮಾತು ಹೊರಗಿನವರಿಗೆ ಕಾಣಬಾರದು ಎಂಬ ಕಟ್ಟುನಿಟ್ಟು ಮಾಡಿಕೊಂಡರು.

ತೊಂಬತ್ತರಲ್ಲಿ ಪಾಂಡವಪುರಕ್ಕೆ ಬಂದಾಗ ಆಸ್ಪತ್ರೆಯ ಎದುರು ನನ್ನ ಎಸ್‌ಟಿಡಿ ಬೂತು ಹೊಸದು. ನನಗೆ ಕಾಮಾಲೆಯಾಗಿ ಮಲಗಿದಾಗ ಮೂರು ವಾರ ದಿನಕ್ಕೆರಡು ಗಂಟೆ ಬೂತಿನಲ್ಲಿ ಕೂತು ಮೀಟರು ನೋಡಿ ಚೀಟಿ ಹರಿದುಕೊಟ್ಟವರು ಜಯಕ್ಕ. ಬಾಗಿಲು ಮುಚ್ಚಿದ್ದರೆ ಗಿರಾಕಿ ಪಕ್ಕದ ಬೂತಿಗೆ ರೂಢಿಯಾಗುತ್ತಾನೆ, ಆಮೇಲೆ ತಿರುಗಿ ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಋಣದಿಂದಲೇ ನಾನು ಅವರ ಕೆಲಸಕ್ಕೆ ಸೇರಿದೆ.

ನಾವು ಏಳೆಂಟು ಜನ ಸೇರಿ 'ನಾಲ್ಕು ತಾಲ್ಲೂಕು ರಕ್ತದಾನಿಗಳ ಬಳಗ' ಕಟ್ಟಿದೆವು. ನಮ್ಮ ಕಡೆಯವರು ಮೈಸೂರು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಮಲಗಿದಾಗ ಅಲ್ಲಿಂದಲೇ ಪಟ್ಟಿ ನೋಡುವಂತಿರಬೇಕು ಎಂದು ಮೈಸೂರಿನ ವೈದ್ಯರೊಬ್ಬರು ತೊಂಬತ್ತೆಂಟರಲ್ಲಿ ತಮ್ಮ ಹಳೆಯ ಕಂಪ್ಯೂಟರನ್ನು ನನ್ನ ಬೂತಿಗೆ ಕೊಟ್ಟು, ಒಂದು ವೆಬ್‌ಸೈಟ್ ಮಾಡಿಸಿಕೊಟ್ಟರು. ಅದನ್ನು ಇರಿಸಿದ್ದ ಯಂತ್ರ ಬೆಂಗಳೂರಿನ ಒಂದು ಕಂಪನಿಯದು. ಹೆಸರು, ಊರು, ರಕ್ತದ ಗುಂಪು ಇವುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಸೇರಿಸಬಹುದಿತ್ತು. ಗುರುತನ್ನು ಕನ್ನಡದಲ್ಲಿ ಸೇರಿಸಲು ಆಗಲಿಲ್ಲ, ನಮ್ಮ ಅಕ್ಷರ ಆ ಯಂತ್ರಕ್ಕೆ ಹೋದರೆ ಇರುವೆ ಹರಿದಂತೆ ಕಾಣುತ್ತಿತ್ತು. ಅದಕ್ಕೆ ಜಯಕ್ಕ ಪ್ರತಿ ದಾನಿಗೂ ಒಂದು ಕಾರ್ಡು ಮಾಡಿ, ತಮ್ಮ ಕೈಬರಹದಲ್ಲಿ ಗುರುತು ಬರೆದರು; ಹೊಸಬರದನ್ನು ನೋಟ್‌ಬುಕ್ಕಿಗೂ ಬರೆಯುವುದನ್ನು ಅಂದಿನಿಂದ ನಿಲ್ಲಿಸಿದರು. ಅದನ್ನು ಮೈಸೂರಿನ ಅಂಗಡಿಯೊಂದರಲ್ಲಿ ಸ್ಕ್ಯಾನ್ ಮಾಡಿಸಿ, ಚಿತ್ರವನ್ನು ಅಲ್ಲಿಂದಲೇ ಸೈಟಿಗೆ ಏರಿಸಿ, ಕಾರ್ಡನ್ನು ದಾನಿಯ ಕೈಗೇ ವಾಪಸು ಕೊಡುತ್ತಿದ್ದೆವು. ಹೊರಗಿನವರಿಗೆ ಹೆಸರು, ಊರು, ಗುಂಪು ಮಾತ್ರ ಕಾಣುತ್ತಿತ್ತು. ಕಾರ್ಡಿನ ಚಿತ್ರ ಕಾಣುತ್ತಿದ್ದುದು ಗುಪ್ತ ಸಂಕೇತ ತಿಳಿದ ನನಗೆ ಮತ್ತು ಜಯಕ್ಕನವರಿಗೆ.

ಎಲ್ಲ ಮುಗಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, "ದೇವರಾಜಪ್ಪ, ಆ ಬೆಂಗಳೂರ್ ಮಿಸನ್ನು ಕೆಟ್ಟೋದ್ರೆ?"

ನಕಲು ತೆಗೆದಿಡಬಹುದು, ಆದರೆ ಸೈಟಿನಲ್ಲಿ ಇರುವುದನ್ನೆಲ್ಲ ಇಳಿಸಿಕೊಳ್ಳಲು ನಲವತ್ತು ಫ್ಲಾಪಿ ಬೇಕು ಎಂದೆ. ಏನೇನಿದೆ ಹೇಳು ಎಂದರು. ಶಿಬಿರಗಳ ಫೋಟೊ, ಪ್ರಕಟಣೆ, ಸೈಟು ನೋಡಿದವರು ಬರೆದ ಹೊಗಳಿಕೆ, ಎಷ್ಟು ಜನ ನೋಡಿದರೆಂಬ ಲೆಕ್ಕ, ದಾನಿಗಳ ಪಟ್ಟಿ, ಕಾರ್ಡುಗಳು ಎಂದು ಒಂದೊಂದಾಗಿ ಹೇಳಿದೆ. ಅವರು ಹೊಲದಲ್ಲಿ ನಿಂತು ತೆನೆ ಆರಿಸುವವರ ಹಾಗೆ ಕೇಳಿಸಿಕೊಂಡು, "ಕಳ್ದೋದ್ರೆ ತಿರ್ಗಾ ಬೆಳ್ಕಳದು ಯಾವ್ದು, ಬೆಳೀದೆ ಇರದು ಯಾವ್ದು, ಅಷ್ಟ್ ಹೇಳು" ಎಂದರು. ಫೋಟೊ ಮತ್ತೆ ತೆಗೆಸಬಹುದು, ಪ್ರಕಟಣೆ ಮತ್ತೆ ಬರೆಯಬಹುದು, ಹೊಗಳಿಕೆ ಇಲ್ಲದಿದ್ದರೂ ನಡೆಯುತ್ತದೆ. ಪಟ್ಟಿ ಮತ್ತು ಕಾರ್ಡು ಎರಡನ್ನೇ ಎತ್ತಿಡುವುದೆಂದು ತೀರ್ಮಾನವಾಯಿತು. ಮೂರು ಫ್ಲಾಪಿ ಸಾಕಾಯಿತು.

ಇನ್ನೊಂದು ಮಾತೂ ಹೇಳಿದರು. ಹೊಸಹೊಳಲಿನ ತಮ್ಮ ಮನೆಯಲ್ಲಿ ಬಿತ್ತನೆ ರಾಗಿಯನ್ನು ಒಂದೇ ಕಡೆ ಇಡುವ ಪದ್ಧತಿ ಇಲ್ಲವಂತೆ. ಸಂಕ್ರಾಂತಿಯ ಹೊತ್ತಿಗೆ ಒಳ್ಳೆಯ ತೆನೆ ಆರಿಸಿ, ಒಂದು ಪಾಲು ಮನೆಯ ವಾಡೆ ಎಂಬ ದೊಡ್ಡ ಮಣ್ಣಿನ ಗುಡಾಣದಲ್ಲಿ ಬೇವಿನ ಸೊಪ್ಪು ಹಾಕಿ ಬಾಯಿ ಮೆತ್ತಿದರೆ, ಇನ್ನೊಂದು ಪಾಲು ಬೇರೆ ಊರಿನ ನೆಂಟರ ಮನೆಗೆ ಹೋಗುತ್ತದೆ. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದು ಮನೆಯ ಬೀಜ ಇರುತ್ತದೆ. ಈ ಲೆಕ್ಕದ ಮೇಲೆ, ಈ ವರ್ಷದ ಸಂಕ್ರಾಂತಿಗೆ ತವರಿಗೆ ಹೊರಟಾಗ ನನ್ನಿಂದ ಒಂದು ಪೂರ್ತಿ ನಕಲು, ಮೂರು ಫ್ಲಾಪಿ ಇಸಿದುಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ದರು. ಅಲ್ಲಿರುವ ಅವರ ಅಕ್ಕ ಪುಟ್ಟತಾಯಮ್ಮನವರ ಬಿತ್ತನೆ ವಾಡೆಯಲ್ಲಿ, ರಾಗಿಯ ಮಧ್ಯೆ ಇಟ್ಟು ಬಂದರು. ಬೂತಿನಲ್ಲಿ ನಾವೆಲ್ಲ ನಕ್ಕೆವು. "ಮುಂಗಾರಿಗೆ ಫ್ಲಾಪಿ ಮೊಳಕೆ ಒಡೀತದೆ ಬುಡಕ್ಕ" ಎಂದು ನಾನೇ ಛೇಡಿಸಿದೆ. "ಒಡದ್ರೆ ನಿನ್ಗೂ ಒಂದ್ ಸಸಿ ಕೊಡ್ತೀನಿ" ಎಂದರು.

ಅದರ ಮರು ಭಾನುವಾರದಿಂದಲೇ ನಾನು ನನ್ನ ಜಾಣತನ ತೋರಿಸಿದೆ. ಬಳಗದ ತಿಂಗಳ ವಂತಿಗೆ ನಾನೂರು ದಾಟುತ್ತಿರಲಿಲ್ಲ, ಅದರಲ್ಲಿ ಮುಕ್ಕಾಲು ಪಾಲು ಈ ನಕಲಿಗೇ ಹೋಗುತ್ತಿತ್ತು. ಕಾರ್ಡುಗಳು ಏನಿದ್ದರೂ ಚಿತ್ರ ತಾನೆ, ಪಟ್ಟಿಯಿದ್ದರೆ ಸಾಕು ಎಂದುಕೊಂಡು ಚಿತ್ರದ ಭಾಗವನ್ನು ಇಳಿಸಿಕೊಳ್ಳುವುದು ಬಿಟ್ಟೆ. ಹಳೆಯ ಚಿತ್ರಗಳಿದ್ದ ಫ್ಲಾಪಿಗಳನ್ನೂ ಅಳಿಸಿ ಪಟ್ಟಿಗೆ ಬಳಸಿಕೊಂಡೆ. ಯಾರಿಗೂ ಹೇಳಲಿಲ್ಲ. ವರ್ಷದ ಕೊನೆಗೆ ಉಳಿತಾಯ ತೋರಿಸಿ ಭೇಷ್ ಎನಿಸಿಕೊಳ್ಳಬೇಕೆಂಬ ಆಸೆ.

ಏಪ್ರಿಲ್ ನಡುವಿನಲ್ಲಿ ಬೆಂಗಳೂರಿನ ಕಂಪನಿಯವರು ಯಂತ್ರ ಬದಲಾಯಿಸುವಾಗ ನಮ್ಮ ಸೈಟಿನಲ್ಲಿದ್ದುದೆಲ್ಲ ಹೋಯಿತು. ನಿಮ್ಮ ಹತ್ತಿರ ನಕಲು ಇದೆಯೇ ಎಂದು ಕೇಳಿದರು. ಇದೆ ಎಂದು ಎದೆಯುಬ್ಬಿಸಿ ಹೇಳಿ, ಕೊನೆಯ ಭಾನುವಾರದ ಫ್ಲಾಪಿಯಿಂದ ಪಟ್ಟಿಯನ್ನು ಮತ್ತೆ ಏರಿಸಿದೆ. ನಾನೂರ ಎಪ್ಪತ್ತೈದು ಹೆಸರೂ ಬಂದವು. ಹೊರಗಿನವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಕಾರ್ಡುಗಳು ಹೋಗಿದ್ದು ನನಗೊಬ್ಬನಿಗೇ ಗೊತ್ತು. ನಿಧಾನವಾಗಿ ಮತ್ತೆ ಮಾಡಿಸಿದರಾಯಿತು ಎಂದು ಸುಮ್ಮನಿದ್ದೆ.

ಮೇ ಇಪ್ಪತ್ತೊಂದು, ಶುಕ್ರವಾರ. ಬೆಳಗ್ಗೆ ಹತ್ತಕ್ಕೆ ಅಕ್ಕಿಹೆಬ್ಬಾಳಿನ ಸೋಮಮ್ಮ ಎಂಬ ಹೆಂಗಸು ಮೈಸೂರು ಬಸ್ಸಿನಿಂದ ಇಳಿದು ಬೂತಿಗೆ ಬಂದರು. ಕೈಯಲ್ಲಿ ಮಡಿಸಿ ಮಡಿಸಿ ಮೆತ್ತಗಾದ ಚೀಟಿ.

"ಕಂಪ್ಯೂಟ್ರಲ್ಲಿ ರಕ್ತ ಕೊಡೋರ್ ಇರದು ಇಲ್ಲೇಯೇನಪ್ಪ?"

"ಇಲ್ಲೇ ಕಣಮ್ಮ. ಕೂತ್ಕಳಿ."

"ಕೂರಕ್ ಬಂದಿಲ್ಲ ನಾನು. ಸೊಸೆ ಪವಿತ್ರ ಮೈಸೂರ್ ಆಸ್ಪತ್ರೇಲವ್ಳೆ, ತುಂಬಿದ್ ಬಸ್ರಿ, ರಕ್ತ ಹೋಯ್ತಾ ಐತೆ. ನಾಳಿಕ್ ಬೆಳಗ್ಗೆ ಕುಯ್ದು ಮಗಾ ತೆಗೀತಾರಂತೆ. ಒಂದ್ ಬಾಟ್ಲಿ ಅವ್ರತ್ರಾನೇ ಐತೆ, ಇನ್ನೊಂದಿಲ್ದೆ ಕೈ ಹಾಕಕ್ಕಾಗಲ್ಲ ಅಂತಾವ್ರೆ ಡಾಕ್ಟ್ರು."

ಚೀಟಿಯಲ್ಲಿದ್ದುದು ಓ ನೆಗೆಟಿವ್. ನಮ್ಮ ಪಟ್ಟಿಯಲ್ಲಿ ಆ ಗುಂಪಿನವರು ಮೂವರು. ಒಬ್ಬರು ಹಿಂದಿನ ತಿಂಗಳಷ್ಟೇ ರಕ್ತ ಕೊಟ್ಟಿದ್ದರು. ಇನ್ನೊಬ್ಬರು ಟೈಫಾಯ್ಡ್ ಜ್ವರದಲ್ಲಿ ಮಲಗಿದ್ದರು. ಮೂರನೆಯದು ಸಂಖ್ಯೆ ಮುನ್ನೂರ ಎಂಬತ್ತೆಂಟು, ಪುಟ್ಟಸ್ವಾಮಿ, ಕ್ಯಾತನಹಳ್ಳಿ. ಫೋನ್ ಇಲ್ಲ. ಹಿಂದಿನ ವರ್ಷದ ಶಿಬಿರದಲ್ಲಿ ಸೇರಿದವರು.

ಜಯಕ್ಕ ಅರ್ಧ ದಿನದ ರಜೆ ಬರೆದುಕೊಟ್ಟು ಪರೀಕ್ಷೆಯ ಪೆಟ್ಟಿಗೆಯೊಡನೆ ನನ್ನ ಲೂನಾ ಏರಿದರು. ಸೋಮಮ್ಮನವರನ್ನು ಬೂತಿನಲ್ಲಿ ನನ್ನ ಹೆಂಡತಿಯ ಜೊತೆ ಕೂರಿಸಿ ಹೊರಟೆವು. ದಾರಿಯಲ್ಲಿ, "ಆ ಪುಟ್ಟಸ್ವಾಮಿ ಗುರ್ತೇನ್ ಬರ್ದಿದ್ದೆ ನಾನು?" ಎಂದು ಕೇಳಿದರು. ಶಬ್ದಕ್ಕೆ ಕೇಳಿಸಲಿಲ್ಲ ಎಂಬಂತೆ ನಾನು ಲೂನಾ ಓಡಿಸಿದೆ.

ಕ್ಯಾತನಹಳ್ಳಿಯ ಅರಳಿಕಟ್ಟೆಯಲ್ಲಿ ಕರಿಯಯ್ಯ ಎಂಬ ಹಿರಿಯರು ಕುಳಿತಿದ್ದರು. ಪುಟ್ಟಸ್ವಾಮಿ ಬೇಕಿತ್ತು ಎಂದೆವು.

"ಯಾವ್ ಪುಟ್ಟಸ್ವಾಮಿ ಬೇಕವ್ವ? ಕರಿಯೋನೋ, ಕೆಂಪೋನೋ, ಟ್ರಾಕ್ಟ್ರು ಓಡ್ಸೋನೋ, ಓಡ್ಸಿ ಗದ್ದೆಗ್ ಕೆಡವ್ದೋನೋ?"

"ಎಷ್ಟ್ ಜನ ಅವ್ರಯ್ಯ?"

ಕರಿಯಯ್ಯನವರು ಬೆರಳು ಮಡಚಿ ಎಣಿಸಿದರು. ಹನ್ನೊಂದು.

"ಅಷ್ಟೂ ಜನಾನೂ ಕರೀರಿ" ಎಂದರು ಜಯಕ್ಕ.

ಕಬ್ಬಿನ ಗದ್ದೆಗಳಿಗೆ ಹುಡುಗರು ಓಡಿದರು. ಒಂದು ಗಂಟೆಯೊಳಗೆ ಹನ್ನೊಂದು ಮಂದಿ ಪುಟ್ಟಸ್ವಾಮಿಗಳು, ಹದಿನೆಂಟರಿಂದ ಎಪ್ಪತ್ತರವರೆಗಿನವರು, ಕಟ್ಟೆಯ ಸುತ್ತ ನೆರೆದರು. ಶಿಬಿರದಲ್ಲಿ ರಕ್ತ ಕೊಟ್ಟಿದ್ದೀರಾ ಎಂದರೆ ನಾಲ್ವರು ಹೌದೆಂದರು. ಕಾರ್ಡು ಎಲ್ಲಿ ಎಂದರೆ ಒಬ್ಬರದು ಗೋಡೆಗೆ ಅಂಟಿಸಿ ಹೊಗೆಗೆ ಅಕ್ಷರ ಕಾಣದಂತಾಗಿತ್ತು, ಒಬ್ಬರದು ಒಲೆಗೆ ಹೋಗಿತ್ತು, ಇಬ್ಬರಿಗೆ ನೆನಪಿಲ್ಲ. ಯಾವ ಗುಂಪು ಎಂದು ಯಾರಿಗೂ ತಿಳಿಯದು. ಜಯಕ್ಕ ಒಬ್ಬೊಬ್ಬರ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ನೋಡುತ್ತ ಹೋದರು.

"ಅಕ್ಕಯ್ಯ, ನನ್ ರಕ್ತದಲ್ಲಿ ಕಬ್ಬಿನ್ ಹಾಲೇ ಜಾಸ್ತಿ. ಆದದಾ?" ಎಂದು ಒಬ್ಬ ಕೇಳಿದ.

"ನಿಂದ್ರಲ್ಲಿ ಕಬ್ಬಿಗಿಂತ ಅದ್ರಲ್ ಕಾಯ್ಸಿದ್ದೇ ಜಾಸ್ತಿ ಕಣ್ಲಾ" ಎಂದರು ಕರಿಯಯ್ಯ. ಕಟ್ಟೆಯೆಲ್ಲ ನಗು.

ಹನ್ನೊಂದನೆಯ ಬೆರಳೂ ಮುಗಿಯಿತು. ಒಬ್ಬರದೂ ಓ ನೆಗೆಟಿವ್ ಅಲ್ಲ. ನಗು ನಿಂತಿತು. ಪಟ್ಟಿ ತಪ್ಪಿರಬಹುದೆಂದು ನಾನು ಮೆಲ್ಲಗೆ ಅಂದೆ. ಜಯಕ್ಕ ಗಾಜಿನ ಪಟ್ಟಿ ಒರೆಸಿಕೊಳ್ಳುತ್ತ, "ಗುಂಪು ನಾನೇ ನೋಡಿ ಬರ್ದಿರದು, ತಪ್ಪಲ್ಲ. ಗುರ್ತು ಎಲ್ಲಿ ದೇವರಾಜಪ್ಪ?" ಎಂದರು.

ಅಲ್ಲಿಯೇ, ಆ ಹನ್ನೊಂದು ಜನರ ಎದುರಿಗೇ ಹೇಳಿದೆ. ಸಂಕ್ರಾಂತಿಯಿಂದ ಕಾರ್ಡುಗಳನ್ನು ಇಳಿಸಿಕೊಂಡಿಲ್ಲ, ಏಪ್ರಿಲ್‌ನಲ್ಲಿ ಎಲ್ಲ ಹೋಯಿತು, ವಾರಕ್ಕೆ ಐವತ್ತೈದು ರೂಪಾಯಿ ಉಳಿಯುತ್ತಿತ್ತು ಎಂದೆ. ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಅವರು ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ ಬೆಲ್ಲದ ಚೂರಿಟ್ಟರು. "ಮೊಕ ಬೆಳ್ಳಗಾಗದೆ, ತಿನ್ನು. ಆಮೇಲ್ ಹೊಸಹೊಳಲಿಗೆ ಫೋನ್ ಹಾಕು."

ಹೊಸಹೊಳಲಿನ ಅವರ ಅಕ್ಕನ ಮನೆಯಲ್ಲಿ ಫೋನ್ ಇರಲಿಲ್ಲ. ಕೆ.ಆರ್.ಪೇಟೆಯ ಟೈಪಿಂಗ್ ಶಾಲೆಯಲ್ಲಿ ಕಂಪ್ಯೂಟರೂ ಇತ್ತು, ಅದನ್ನು ನೋಡಿಕೊಳ್ಳುವ ಮಂಜುನಾಥ ನಮ್ಮ ಬಳಗದವನೂ ಹೌದು. ಬೂತಿಗೆ ವಾಪಸು ಬಂದು ಅವನಿಗೆ ಫೋನ್ ಮಾಡಿದಾಗ ಎರಡು ಗಂಟೆ ಆಗಿತ್ತು. ಅವನು ಸೈಕಲ್ಲಿನಲ್ಲಿ ಹೊಸಹೊಳಲಿಗೆ ಹೋದ. ಅಲ್ಲಿ ನಡೆದುದನ್ನು ಅವನು ಆಮೇಲೆ ಹೇಳಿದ್ದು.

ಪುಟ್ಟತಾಯಮ್ಮನವರು ಹೊಸಿಲ ಮೇಲೆ ಅಡ್ಡ ನಿಂತರಂತೆ. "ಸುಕ್ರವಾರ ಕಣ್ಲಾ ಮಗ. ಬಿತ್ನೆ ವಾಡೆ ಬಾಯ್ ತೆಗ್ದು ಮನೆಯಿಂದ್ ಆಚೀಕೆ ಕೊಟ್ಟಾರೇನ್ಲಾ ಯಾರಾರ?"

"ರಾಗಿ ಬ್ಯಾಡ ದೊಡ್ಡವ್ವ. ಅದ್ರೊಳ್ಗೆ ನಿಮ್ ತಂಗಿ ಇಟ್ಟಿರೋ ಕವರ್ ಕೊಡಿ ಸಾಕು."

"ವಾಡೆ ಒಳ್ಗಿರದೆಲ್ಲ ಬೀಜಾನೇಯ."

"ಬಸ್ರಿ ಹೆಂಗ್ಸಿಗೆ ರಕ್ತ ಬೇಕು. ಯಾರ್ ಕೊಡ್ತಾರೆ ಅನ್ನಾದು ಅದ್ರಲ್ ಐತೆ. ನಾಳಿಕ್ ಬೆಳಗ್ಗೆ ಒಳ್ಗೆ ಬೇಕು."

ಮುದುಕಿ ಒಳಗೆ ಹೋಗಿ, ಮೆತ್ತಿದ್ದ ಸಗಣಿ ಮಣ್ಣನ್ನು ಕುಡುಗೋಲಿನ ಹಿಡಿಯಿಂದ ಒಡೆದು, ತೋಳುದ್ದ ಕೈಹಾಕಿ ಕವರನ್ನು ಎಳೆದು ತಂದರು. ಕೊಡುವಾಗ ಮಾತ್ರ ಒಂದು ಕಟ್ಟು ಹಾಕಿದರು. "ಸುಕ್ರವಾರ ವಾಡೆ ಬರಿದಾಗ್ಬಾರ್ದು. ಅದ್ರ್ ಜಾಗ್ದಲ್ ಏನಾರ ಮಡ್ಗಿ ಹೋಗು." ಮಂಜುನಾಥನ ಜೇಬಿನಲ್ಲಿ ಒಂದು ಹೊಸ ಫ್ಲಾಪಿ ಇತ್ತು, ಕೊಟ್ಟ.

"ಇದ್ರಾಗೇನೈತ್ಲಾ?"

"ಏನಿಲ್ಲ ದೊಡ್ಡವ್ವ, ಖಾಲಿ."

"ಖಾಲೀದ ಬಿತ್ನೆಗ್ ಮಡುಗ್ತೀಯೇನ್ಲಾ? ತುಂಬ್ಸಿ ತಂದ್ಕೊಡ್ಬೇಕು, ಮರೀಬ್ಯಾಡ" ಎಂದು ಅದನ್ನೇ ರಾಗಿಯೊಳಗೆ ಹೂತರು.

ಪುಟ್ಟಸ್ವಾಮಿಯ ಸಂಖ್ಯೆ ಮೂರನೆಯ ಫ್ಲಾಪಿಯಲ್ಲಿತ್ತು. ಟೈಪಿಂಗ್ ಶಾಲೆಗೆ ವಾಪಸು ಬಂದು ಮೊದಲ ಸಲ ಹಾಕಿದಾಗ ಯಂತ್ರ ಗೊರಗೊರ ಎಂದು ಓದಲು ಒಲ್ಲೆ ಎಂದಿತಂತೆ. ಕವರ್ ಎಲ್ಲೋ ಸೀಳಿ ರಾಗಿಯ ತೌಡು ಒಳಗೆ ಸೇರಿತ್ತು. ಫ್ಲಾಪಿಯ ತಗಡಿನ ಬಾಯಿ ಸರಿಸಿ ಊದಿದ. ಎರಡನೆಯ ಸಲವೂ ಅದೇ. ನಾನು ಇತ್ತ ಫೋನ್ ಹಿಡಿದೇ ಇದ್ದೆ, ಮೀಟರು ಓಡುತ್ತಿತ್ತು, ಸೋಮಮ್ಮ ಅದನ್ನೇ ನೋಡುತ್ತಿದ್ದರು. ಮೂರನೆಯ ಸಲ ಮಂಜುನಾಥ, "ಬಂತು ಬಂತು, ಜಯಕ್ಕನ ಅಕ್ಷರ" ಎಂದು ಕೂಗಿದ. ಓದಿದ: 'ಗಾಣದ ಮನೆ ಹೊಂಬಮ್ಮನ ತಮ್ಮ. ಹುಟ್ಟಿದ್ದು ಈ ಊರು, ಇಲ್ಲಿ ಇರುವುದಿಲ್ಲ. ನಾಗಮಂಗಲದಲ್ಲಿ ಮನೆ ಅಳಿಯ. ಬಸ್ ನಿಲ್ದಾಣದ ಪಕ್ಕ ಮಂಚಯ್ಯನವರ ಸೈಕಲ್ ಅಂಗಡಿಗೆ ಫೋನ್ ಮಾಡಿದರೆ ಕರೆಯುತ್ತಾರೆ.' ಕೆಳಗೆ ನಂಬರು.

ಮಂಚಯ್ಯನವರು ಹತ್ತು ನಿಮಿಷದಲ್ಲಿ ಅವನನ್ನು ಕರೆಸಿದರು. ಪುಟ್ಟಸ್ವಾಮಿ ಮಾವನ ಮನೆಯ ಹಾಲು ಅಳೆದು ಬಂದವನು, ಅದೇ ಬಟ್ಟೆಯಲ್ಲಿ ಮೈಸೂರು ಬಸ್ಸು ಹತ್ತಿದ. ಪಾಂಡವಪುರದಲ್ಲಿ ಸೋಮಮ್ಮನವರೂ ಜಯಕ್ಕನೂ ಅದೇ ಬಸ್ಸು ಹತ್ತಿಕೊಂಡರು. ದೀಪ ಹಚ್ಚುವ ಹೊತ್ತಿಗೆ ಮೂವರೂ ಆಸ್ಪತ್ರೆಯಲ್ಲಿದ್ದರು. ಮರುದಿನ ಒಂಬತ್ತಕ್ಕೆ ನನ್ನ ಬೂತಿಗೆ ಸೋಮಮ್ಮನವರ ಫೋನ್ ಬಂತು. ಹೆಣ್ಣು ಮಗು. ಪವಿತ್ರ ಕ್ಷೇಮ. ಮಗುವಿಗೆ ಧನುಶ್ರೀ ಎಂದು ಹೆಸರಿಟ್ಟಿದ್ದಾರೆ.

ಕ್ಯಾತನಹಳ್ಳಿಗೆ ಸುದ್ದಿ ಮುಟ್ಟಿಸಲು ಹೋದಾಗ, ಇಂಥವನೊಬ್ಬ ಇದ್ದಾನೆಂದು ಯಾಕೆ ಹೇಳಲಿಲ್ಲ ಎಂದು ಕರಿಯಯ್ಯನವರನ್ನು ಕೇಳಿದೆ. ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. "ಓ, ಅವ್ನಾ! ಅವ್ನು ಮನೆ ಅಳ್ಯ ಆಗೋದೋನು ಕಣಪ್ಪ. ಹೆಣ್ಣಿನ್ ಊರ್ ಸೇರ್ದೋನ್ನ ನಮ್ಮೂರ್ ಲೆಕ್ಕಕ್ಕೆ ಎಂಗ್ ಹಿಡಿಯಾದು?" ಶಿಬಿರದಲ್ಲಿ ಊರು ಯಾವುದೆಂದು ಕೇಳಿದಾಗ ಆ ಮನುಷ್ಯ ಮಾತ್ರ ಹುಟ್ಟಿದೂರನ್ನೇ ಹೇಳಿದ್ದ. ಊರು ಅವನನ್ನು ಬಿಟ್ಟಿತ್ತು, ಅವನು ಊರನ್ನು ಬಿಟ್ಟಿರಲಿಲ್ಲ. ಈ ಎರಡೂ ಸಂಗತಿ ಗೊತ್ತಿದ್ದುದು ಜಯಕ್ಕನವರ ಕಾರ್ಡಿಗೆ. ಅದನ್ನೇ ನಾನು ಚಿತ್ರ ತಾನೆ ಎಂದು ಬಿಟ್ಟಿದ್ದೆ.

ಬಳಗದ ಸಭೆಯಲ್ಲಿ ನಾನು ನನ್ನ ತಪ್ಪು ಹೇಳಿ, ಕಂಪ್ಯೂಟರಿನ ಕೆಲಸ ಬೇರೆಯವರಿಗೆ ವಹಿಸಿ ಎಂದೆ. ಜಯಕ್ಕ ಒಪ್ಪಲಿಲ್ಲ. ಒಂದು ಸಲ ಮುಗ್ಗಿದ ಬೀಜ ಬಿತ್ತಿ ಬೆಳೆ ಕಳೆದುಕೊಂಡವನು ಆಮೇಲೆ ಬೀಜ ನೋಡದೆ ಬಿತ್ತುವುದಿಲ್ಲ, ಹೊಸಬರನ್ನು ತಂದರೆ ಅವರೂ ಒಂದು ಸಲ ಕಳೆಯಬೇಕಾಗುತ್ತದೆ ಎಂದರು. ಅದು ಕರುಣೆಯೋ ಲೆಕ್ಕಾಚಾರವೋ ನನಗೆ ಇಂದಿಗೂ ತಿಳಿಯದು. ಅವರಲ್ಲಿ ಎರಡೂ ಬೇರೆ ಬೇರೆ ಇದ್ದದ್ದನ್ನು ನಾನು ಕಂಡಿಲ್ಲ.

ಸಂಕ್ರಾಂತಿಯವರೆಗಿನ ನಾನೂರ ಹನ್ನೆರಡು ಕಾರ್ಡುಗಳು 'ವಾಡೆ'ಯಿಂದ ಪೂರ್ತಿ ಬಂದವು. ಅದರ ಮೇಲೆ ಸೇರಿದ್ದ ಅರವತ್ತಮೂರು ಜನರದು ಬರೀ ಹೆಸರು, ಊರು, ಗುಂಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ರಜೆಯ ದಿನ ಜಯಕ್ಕನೂ ನಾನೂ ಲೂನಾದಲ್ಲಿ ನಾಲ್ಕು ತಾಲ್ಲೂಕು ಸುತ್ತಿದೆವು. ಒಂದೊಂದು ಊರಿನಲ್ಲಿ ಕಟ್ಟೆಯ ಮೇಲೆ ಕೂತು, ಊರಿನಲ್ಲಿ ಇರುವವರನ್ನು ಎಣಿಸಿದ ಮೇಲೆ ಊರು ಲೆಕ್ಕಕ್ಕೆ ಹಿಡಿಯದವರನ್ನೂ ಎಣಿಸುವುದನ್ನು ಅವರು ನನಗೆ ಕಲಿಸಿದರು. ಗುಳೆ ಹೋದವರು, ಮನೆ ಅಳಿಯಂದಿರು, ತವರಿಗೆ ಮರಳಿದ ಹೆಣ್ಣುಮಕ್ಕಳು, ಭಾಗ ಮಾಡಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರು. ಅವರನ್ನು ಕೇಳದೆ ಯಾರೂ ಹೇಳುವುದಿಲ್ಲ. ಜುಲೈಯಲ್ಲಿ ರಾಗಿ ಬಿತ್ತನೆಯಾಗಿ ವಾಡೆ ಖಾಲಿಯಾದಾಗ ಪುಟ್ಟತಾಯಮ್ಮನವರು ಆ ಖಾಲಿ ಫ್ಲಾಪಿಯನ್ನು ಜ್ಞಾಪಕವಿಟ್ಟು ಕಳುಹಿಸಿದರು. ಅದನ್ನು ತುಂಬಿಸಿ, ಜೊತೆಗೆ ಇನ್ನೂ ಮೂರು ಸೇರಿಸಿ ವಾಪಸು ಕಳುಹಿಸಿದ್ದೇವೆ.

ಎರಡು ಸಾವಿರ ಇಸವಿ ಹುಟ್ಟಿದರೆ ಕಂಪ್ಯೂಟರುಗಳೆಲ್ಲ ದಿಕ್ಕು ತಪ್ಪುತ್ತವೆ ಎಂದು ಪತ್ರಿಕೆಗಳು ಬರೆಯುತ್ತಿವೆ. ಜಯಕ್ಕ ಇದನ್ನು ಓದಿ, ನಿವೃತ್ತಿಯ ಹಣ ಬಂದ ಕೂಡಲೇ ಒಂದು ಹೊಸ ನೋಟ್‌ಬುಕ್ ಕಂತೆ ತರಿಸುವಂತೆ ನನಗೆ ಹೇಳಿದ್ದಾರೆ. ಡಿಸೆಂಬರ್ ಒಂದರಿಂದ ಬೆಳಗ್ಗೆ ಹತ್ತಕ್ಕೆ ಬೂತಿಗೆ ಬರುವುದಾಗಿಯೂ ಹೇಳಿದ್ದಾರೆ. ಅವರ ಕಣ್ಣು, ಕೈ, ನೆನಪು ಇನ್ನೂ ಮೂವತ್ತು ವರ್ಷ ಹೀಗೆಯೇ ಇರಲಿ, ಹೊಸಹೊಳಲಿನ ವಾಡೆ ಯಾವ ಶುಕ್ರವಾರವೂ ಬರಿದಾಗದಿರಲಿ, ನನ್ನ ಲೂನಾ ಅವರ ಕಾಲಿಗಿಂತ ಮೊದಲು ಸೋಲದಿರಲಿ ಎಂದು ನಾಲ್ಕು ತಾಲ್ಲೂಕಿನ ದಾನಿಗಳ ಪರವಾಗಿ ಬೇಡಿಕೊಳ್ಳುತ್ತೇನೆ.

ಇನ್ನು ಆ ಹಣದ ಲೆಕ್ಕ. ಉಳಿಸಿದ ಏಳುನೂರ ಹದಿನೈದು ರೂಪಾಯಿ ಲೂನಾದ ಪೆಟ್ರೋಲಿಗೆ ಆಗಸ್ಟ್‌ಗೆ ಮುಂಚೆಯೇ ಮುಗಿಯಿತು. ಅರವತ್ತಮೂರರಲ್ಲಿ ನಲವತ್ತೊಂದು ಜನ ಸಿಕ್ಕಿದ್ದಾರೆ. ಪಟ್ಟಿಯಲ್ಲಿ ಈಗ ನಾವು ಕರೆದರೆ ಬರುವವರು ನಾನೂರ ಐವತ್ತಮೂರು. ಇಪ್ಪತ್ತೆರಡು ಜನ ಸಿಕ್ಕಿಲ್ಲ. ಅವರ ಹೆಸರು, ಊರು, ಗುಂಪು ನಮ್ಮಲ್ಲಿದೆ; ಅವರು ಯಾರೆಂದು ನಮಗೆ ಗೊತ್ತಿಲ್ಲ. ಅದರಲ್ಲಿ ಒಬ್ಬರದು ಓ ನೆಗೆಟಿವ್ ಎಂದು ಮೊನ್ನೆ ಪಟ್ಟಿಯನ್ನು ಕಾರ್ಡಿನ ಲೆಕ್ಕದೊಡನೆ ತಾಳೆ ನೋಡುವಾಗ ತಿಳಿಯಿತು. ಮೇ ತಿಂಗಳಲ್ಲಿ ನಾನು ಆತುರದಲ್ಲಿ ಆ ಸಾಲನ್ನು ನೋಡದೆ ಬಿಟ್ಟಿದ್ದೆ. ಹೆಸರು ಕೃಷ್ಣ, ಊರು ಶ್ರೀರಂಗಪಟ್ಟಣ.